ಡೆಬಿಯನ್ 12ಕ್ಕೆ ಉಬುಂಟು ಪಿಪಿಎ ಸೇರಿಸಬಹುದೇ?

ಬೇಡ, ಸೇರಿಸಬೇಡಿ. ಡೆಬಿಯನ್, ಉಬುಂಟು ಎರಡೂ ಬೇರೆ ಬೇರೆ ಲಿನಕ್ಸ್ ಸಿಸ್ಟಮ್‌ಗಳು. ಪಿಪಿಎ ಅಂದ್ರೆ ಉಬುಂಟು ಬಳಕೆದಾರರಿಗೆ ಅಂತ ಹೊರಗಿನವರು ನಡೆಸುವ ರೆಪಾಸಿಟರಿ, ಅಂದ್ರೆ ಸಾಫ್ಟ್‌ವೇರ್ ಪ್ಯಾಕೇಜುಗಳ ಭಂಡಾರ. ಲಿಬ್ರೆಆಫೀಸ್ 7.4ಕ್ಕಿಂತ ಹೊಸದು ಬೇಕು ಅಂತ ಪಿಪಿಎ ಹಾಕಿದ್ದೀರಿ, ಈಗ ಪ್ಯಾಕೇಜು ಹಾಕುವ ಆಪ್ಟ್ ಎಂಬ ಟೂಲು 'ನೋ ಪಬ್‌ಕೀ' (ಸಹಿ ಪರೀಕ್ಷಿಸುವ ಕೀ ಇಲ್ಲ) ಅನ್ನುತ್ತಿದೆ, ಆ ಕೀ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಕೀ ಹುಡುಕಲೇಬೇಡಿ. ಆ ಎರರ್ ನಿಮ್ಮನ್ನು ಕಾಪಾಡಿದೆ.

ಪಿಪಿಎಗಳು ಉಬುಂಟುಗೆಂದೇ ಕಂಪೈಲ್ ಆಗಿರುತ್ತವೆ. ಉಬುಂಟು 24.04ರಲ್ಲಿ ಜಿಲಿಬ್‌ಸಿ (ಬಹುತೇಕ ಎಲ್ಲ ಪ್ರೋಗ್ರಾಮುಗಳಿಗೂ ಬೇಕಾದ ಮೂಲ ಲೈಬ್ರರಿ) 2.39 ಇದೆ, ನಿಮ್ಮ ಬುಕ್‌ವರ್ಮ್‌ನಲ್ಲಿ, ಅಂದ್ರೆ ಡೆಬಿಯನ್ 12ರಲ್ಲಿ, 2.36. ಅಲ್ಲಿಗೆ ಕಟ್ಟಿದ ಪ್ಯಾಕೇಜು ಹೊಸ ಜಿಲಿಬ್‌ಸಿ ಕೇಳಿದರೆ ಆಪ್ಟ್ ಎಲ್ಲಿಂದ ತಂದುಕೊಡಬೇಕು? ಜೊತೆಗೆ, ಪ್ಯಾಕೇಜಿನೊಳಗಿನ ಸ್ಕ್ರಿಪ್ಟುಗಳು ರೂಟ್ ಆಗಿ, ಅಂದ್ರೆ ಪೂರ್ತಿ ಅಧಿಕಾರದಿಂದ, ಓಡುತ್ತವೆ. ರೆಪಾಸಿಟರಿ ಸೇರಿಸುವುದು ಅಂದ್ರೆ ಮನೆ ಬೀಗದ ಕೈ ಕೊಟ್ಟ ಹಾಗೆ.

ಕೆಲವು ವರ್ಷಗಳ ಹಿಂದೆ ಒಂದು ವಿಡಿಯೋ ಪ್ಲೇಯರ್ ಬೇಕು ಅಂತ ಹೊರಗಿನ ರೆಪಾಸಿಟರಿಯೊಂದನ್ನು ಸೇರಿಸಿದ್ದೆ. ಪ್ಲೇಯರ್ ಚೆನ್ನಾಗಿಯೇ ಓಡಿತು. ಆದರೆ ಅದೇ ರೆಪಾಸಿಟರಿಯಲ್ಲಿ ಗ್ರಾಫಿಕ್ಸ್ ಲೈಬ್ರರಿಗಳ ಹೊಸ ವರ್ಷನ್‌ಗಳೂ ಇದ್ದವು. ಸಾಮಾನ್ಯವಾಗಿ ಎಲ್ಲ ರೆಪಾಸಿಟರಿಗಳ ಪ್ರಿಯಾರಿಟಿಯೂ 500. ಹಾಗಾಗಿ ಯಾವುದರ ವರ್ಷನ್ ನಂಬರ್ ದೊಡ್ಡದೋ ಅದನ್ನೇ ಆಪ್ಟ್ ಎತ್ತಿಕೊಳ್ಳುತ್ತದೆ. ಮುಂದಿನ ಅಪ್‌ಗ್ರೇಡ್‌ನಲ್ಲಿ ಅವೆಲ್ಲ ಬಂದು ಕೂತವು. ರೀಬೂಟ್ ಮಾಡಿದರೆ ಕಪ್ಪು ಪರದೆ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ, ಬರೀ ಟರ್ಮಿನಲ್ಲಿನಲ್ಲಿ ಕೂತು, ಒಂದೊಂದೇ ಪ್ಯಾಕೇಜನ್ನು ಹಳೆಯ ವರ್ಷನ್‌ಗೆ ಇಳಿಸುವಷ್ಟರಲ್ಲಿ ಬೆಳಗಾಗಿತ್ತು.

ನಿಮಗೆ ಬೇಕಾಗಿರುವುದು ಬ್ಯಾಕ್‌ಪೋರ್ಟ್ಸ್. ಡೆಬಿಯನ್‌ನವರೇ ಹೊಸ ಪ್ಯಾಕೇಜುಗಳನ್ನು ಬುಕ್‌ವರ್ಮ್‌ಗೆ ಹೊಂದುವಂತೆ ಮತ್ತೆ ಕಂಪೈಲ್ ಮಾಡಿ ಇಲ್ಲಿಡುತ್ತಾರೆ. ಇದರ ಪ್ರಿಯಾರಿಟಿ 100 ಮಾತ್ರ, ಆದ್ದರಿಂದ ನೀವು ಕೇಳದೆ ಏನೂ ಒಳಗೆ ನುಗ್ಗುವುದಿಲ್ಲ. ಇದು ನನಗೆ ತುಂಬಾ ಇಷ್ಟವಾದ ಏರ್ಪಾಡು. ಕೀ ಕೂಡ ನಿಮ್ಮ ಸಿಸ್ಟಮ್‌ನಲ್ಲಿ ಆಗಲೇ ಇದೆ.

ಮೊದಲು 'ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ' ಫೋಲ್ಡರ್‌ನಲ್ಲಿರುವ ಪಿಪಿಎ ಫೈಲನ್ನು ಅಳಿಸಿ. ಆಮೇಲೆ 'ಸೋರ್ಸಸ್ ಡಾಟ್ ಲಿಸ್ಟ್' ಫೈಲಿನಲ್ಲಿರುವ ನಿಮ್ಮ ಈಗಿನ ಡೆಬಿಯನ್ ಸಾಲನ್ನೇ ಇನ್ನೊಂದು ಸಾಲಾಗಿ ಕಾಪಿ ಮಾಡಿ, 'ಬುಕ್‌ವರ್ಮ್' ಇರುವ ಕಡೆ 'ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್' ಅಂತ ಮಾಡಿ. ಆಪ್ಟ್ ಅಪ್‌ಡೇಟ್ ಕೊಡಿ. ಇನ್‌ಸ್ಟಾಲ್ ಮಾಡುವಾಗ ಹೈಫನ್ ಟಿ ಹಾಕಿ 'ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್' ಅಂತ ಬರೆಯಿರಿ. ಸುಮ್ನೆ ಇನ್‌ಸ್ಟಾಲ್ ಅಂದರೆ ಹಳೇ 7.4 ತಾನೇ ಬರುವುದು. ಮೆನುಗಳು ಕನ್ನಡದಲ್ಲಿ ಬೇಕಿದ್ದರೆ ಲಿಬ್ರೆಆಫೀಸ್‌ನ ಕನ್ನಡ ಭಾಷಾ ಪ್ಯಾಕೇಜನ್ನೂ ಅದೇ ಕಮಾಂಡಿನಲ್ಲಿ ಸೇರಿಸಿ, ಎರಡೂ ಒಂದೇ ವರ್ಷನ್‌ನಲ್ಲಿರಲಿ.

ಮುಂದೆ ಯಾವತ್ತಾದರೂ ಹೊರಗಿನ ರೆಪಾಸಿಟರಿ ಬೇಕೇ ಬೇಕು ಅನಿಸಿದರೆ, ಅದರ ಕೀಯನ್ನು ಆಪ್ಟ್ ಫೋಲ್ಡರಿನ 'ಕೀರಿಂಗ್ಸ್' ಒಳಗಿಟ್ಟು ಆ ರೆಪಾಸಿಟರಿಯ ಸಾಲಿನಲ್ಲಿ 'ಸೈನ್ಡ್-ಬೈ' ಬರೆದು ಅದೊಂದಕ್ಕೇ ಕಟ್ಟಿಹಾಕಿ. 'ಆಪ್ಟ್-ಕೀ' ಬಳಸಿ ಅಂತ ಹೇಳುವ ಹಳೇ ಲೇಖನಗಳನ್ನು ನಂಬಬೇಡಿ. ಹಾಗೆ ಸೇರಿಸಿದ ಕೀ ಎಲ್ಲ ರೆಪಾಸಿಟರಿಗಳಿಗೂ ಲಾಗುವಾಗುತ್ತದೆ. 'ಟ್ರಸ್ಟೆಡ್ ಈಕ್ವಲ್ಸ್ ಯೆಸ್' (ಸಹಿ ನೋಡದೆ ನಂಬು) ಅಂತ ಹಾಕಿ ಎರರ್ ಮುಚ್ಚುವುದಂತೂ ಇನ್ನೂ ಜಾಸ್ತಿ ಅಪಾಯ, ಅಲ್ವಾ?

ಎಲ್ಲ ಆದ ಮೇಲೆ 'ಆಪ್ಟ್ ಪಾಲಿಸಿ' ಅಂತ ಬರೆದು ಮುಂದೆ ಲಿಬ್ರೆಆಫೀಸ್ ಹೆಸರು ಕೊಡಿ. ಮೂರು ನಕ್ಷತ್ರಗಳಿರುವ ಸಾಲೇ ಈಗ ಇನ್‌ಸ್ಟಾಲ್ ಆಗಿರುವುದು. ಅದರ ಕೆಳಗೆ ಬ್ಯಾಕ್‌ಪೋರ್ಟ್ಸ್ ಕಾಣದಿದ್ದರೆ ಆ ಔಟ್‌ಪುಟ್ ಪೂರ್ತಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.