ಬರವಲ್ದು ಅಂದ್ರ ಏನು ಬರವಲ್ದು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತಿನಿಂದ ಶುರುವಾಗಿವೆ: “ಮೇಡಂ, ಲಿನಕ್ಸ್ ಬರವಲ್ದು.” (ಲಿನಕ್ಸ್ ಎಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನೇ ನಡೆಸುವ ತಂತ್ರಾಂಶ.) ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಇದೇ ಮಾತು ಕೇಳಿ ನಿವೃತ್ತಳಾಗಿ ಧಾರವಾಡದ ಸಪ್ತಾಪುರದಲ್ಲಿ ಕೂತರೆ, ಅಂಚೆಯವನು ಅದನ್ನೇ ಮನೆ ಬಾಗಿಲಿಗೆ ತಂದು ಕೊಡುತ್ತಾನೆ. ಏನು ಬರವಲ್ದು? ದೀಪ ಹತ್ತುವುದಿಲ್ಲವೋ, ಪರದೆ ಕಪ್ಪಗಿದೆಯೋ, ಪಾಸ್‌ವರ್ಡ್ ತಗೊಳ್ಳುತ್ತಿಲ್ಲವೋ? ಪರದೆಯ ಮೇಲಿದ್ದದ್ದನ್ನು ಅಕ್ಷರ ಬಿಡದೆ ಬರೆದು ಕಳಿಸಿದವರ ಪ್ರಶ್ನೆಗಳನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇನೆ. ಆಜ್ಞೆಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವುದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ.

ಪ್ರಶ್ನೆ: ಮೊನ್ನೆ ಸಂಜೆ ಗುಡುಗು ಮಳೆಗೆ ಕರೆಂಟು ಮೂರು ಸಲ ಹೋಗಿ ಬಂತು. ಆಮೇಲೆ ಕಂಪ್ಯೂಟರ್ ಚಾಲೂ ಮಾಡಿದರೆ ಕಪ್ಪು ಪರದೆ, ಅದರಲ್ಲಿ ‘ಬಿಜಿಬಾಕ್ಸ್’ ಅಂತ ಏನೋ ಬರೆದು, ಕೆಳಗೆ ಕಂಸದೊಳಗೆ ‘ಇನಿಟ್‌ರ್ಯಾಮ್‌ಎಫ್‌ಎಸ್’ ಅಂತ ನಿಂತಿದೆ. ಪರಿಚಯದ ಹುಡುಗ ಹಾರ್ಡ್ ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು ಅಂತಾನೆ. ಮಗಳ ಮದುವೆ ಫೋಟೊ ಎಲ್ಲಾ ಅದರಲ್ಲೇ ಇವೆ. (ಉಣಕಲ್, ಹುಬ್ಬಳ್ಳಿ)

ಉತ್ತರ: ಆ ಹುಡುಗನಿಗೆ ಒಂದು ಕಪ್ ಚಹಾ ಕುಡಿಸಿ ಕಳಿಸಿಬಿಡಿ, ಫಾರ್ಮ್ಯಾಟ್ ಮಾಡಲು ಬಿಡಬೇಡಿ. ಡಿಸ್ಕಿಗೆ ಬರೆಯುತ್ತಿದ್ದಾಗಲೇ ಕರೆಂಟು ಹೋದರೆ ಲೆಕ್ಕದ ಪುಸ್ತಕ ಅರ್ಧಕ್ಕೆ ನಿಂತಂತೆ. ಎಷ್ಟೋ ಸಲ ಲಿನಕ್ಸ್ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಗಲಿಬಿಲಿ ಹೆಚ್ಚಾದಾಗ ಮಾತ್ರ, ‘ಯಜಮಾನರೇ, ನೀವೇ ಬಂದು ನೋಡಿ’ ಅಂತ ಈ ಜಾಗದಲ್ಲಿ ನಿಲ್ಲುತ್ತದೆ.

ಅಲ್ಲಿ ‘ಎಕ್ಸಿಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಡಿಸ್ಕಿನ ಯಾವ ವಿಭಾಗದಲ್ಲಿ ತೊಂದರೆ ಇದೆ ಎಂದು ಅದೇ ಹೇಳುತ್ತದೆ. ಸ್ಲ್ಯಾಶ್, ‘ಡೆವ್’, ಮತ್ತೆ ಸ್ಲ್ಯಾಶ್, ‘ಎಸ್‌ಡಿಎ2’ ಅಂತಲೋ ಇನ್ನೇನೋ ಒಂದು ಹೆಸರು, ಜೊತೆಗೆ ‘ಕೈಯಾರೆ ಎಫ್‌ಎಸ್‌ಸಿಕೆ ಓಡಿಸಿ’ ಎಂಬ ಅರ್ಥದ ಇಂಗ್ಲಿಷ್ ಸಾಲು. (ಎಫ್‌ಎಸ್‌ಸಿಕೆ ಎಂದರೆ ಡಿಸ್ಕಿನ ಲೆಕ್ಕ ಪರೀಕ್ಷಿಸಿ ಸರಿಪಡಿಸುವ ಆಜ್ಞೆ.) ಆ ಹೆಸರನ್ನು ಕಾಗದದ ಮೇಲೆ ಬರೆದುಕೊಳ್ಳಿ. ನನ್ನಲ್ಲಿ ಬರೆದದ್ದಲ್ಲ, ನಿಮ್ಮ ಪರದೆಯಲ್ಲಿ ಬಂದದ್ದು! ಈಗ ಎಫ್, ಎಸ್, ಸಿ, ಕೆ ಎಂಬ ನಾಲ್ಕು ಅಕ್ಷರ, ಒಂದು ಖಾಲಿ ಜಾಗ, ಹೈಫನ್ ಮತ್ತು ವೈ, ಇನ್ನೊಂದು ಖಾಲಿ ಜಾಗ, ಕೊನೆಗೆ ಸ್ಲ್ಯಾಶಿನಿಂದ ಶುರುವಾಗುವ ಆ ಪೂರ್ತಿ ಹೆಸರು. ಎಂಟರ್. ಸಾಲು ಸಾಲು ಓಡುತ್ತವೆ, ಗಾಬರಿಯಾಗಬೇಡಿ. ಮುಗಿದ ಮೇಲೆ ‘ರೀಬೂಟ್’.

ಆದರೆ ಒಂದು ಮಾತು. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಇದನ್ನೆಲ್ಲ ಮಾಡಲು ಹೋಗಬೇಡಿ. ಸಾಯುತ್ತಿರುವ ಡಿಸ್ಕಿಗೆ ಈ ರಿಪೇರಿಯೇ ಭಾರವಾಗುತ್ತದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ ಮೊದಲು ಫೋಟೊಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಸದ್ದಿಲ್ಲದೆ ಎದ್ದು ಬಂದರೂ ಮೆನುವಿನಲ್ಲಿ ‘ಡಿಸ್ಕ್ಸ್’ ಎಂಬ ಕಾರ್ಯಕ್ರಮ ತೆರೆದು ‘ಸ್ಮಾರ್ಟ್’ ಎಂಬ, ಡಿಸ್ಕಿನ ಆರೋಗ್ಯದ ವರದಿ ನೋಡಿ. ‘ರೀಅಲೊಕೇಟೆಡ್ ಸೆಕ್ಟರ್’ (ಕೆಟ್ಟು ಬದಲಿ ಜಾಗ ಪಡೆದ ತುಣುಕುಗಳು) ಸಾಲಿನ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊಸ ಡಿಸ್ಕಿಗೆ ದುಡ್ಡು ಎತ್ತಿಡಿ. ನಮ್ಮ ಕಡೆ ಮೇ ತಿಂಗಳ ಅಡ್ಡಮಳೆ ಶುರುವಾಯಿತೆಂದರೆ ನಾನಂತೂ ಸಂಜೆ ನಾಲ್ಕಕ್ಕೇ ಪ್ಲಗ್ ಕಿತ್ತಿಡುತ್ತೇನೆ. ಯುಪಿಎಸ್ ಇದ್ದರೂ.

ಪ್ರಶ್ನೆ: ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ. ಲಿನಕ್ಸ್ ಬಳಸಿ ವಿಂಡೋಸಿಗೆ ಹೋದರೆ ಬೆಳಗಿನ 10 ಗಂಟೆಗೆ 4:30 ತೋರಿಸುತ್ತದೆ. ಸೆಲ್ ಬದಲಿಸಿದರೂ ಅಷ್ಟೇ. (ವಿದ್ಯಾರ್ಥಿ, ಧಾರವಾಡ)

ಉತ್ತರ: 10ರಿಂದ 4:30 ಕಳೆದರೆ ಎಷ್ಟಪ್ಪಾ? ಐದೂವರೆ ತಾಸು. ಗ್ರೀನಿಚ್‌ಗಿಂತ ನಾವು ಮುಂದಿರುವುದೂ ಅಷ್ಟೇ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನು ಇಲ್ಲಿಯ ಸಮಯ ಅಂತ ಓದುತ್ತದೆ. ಪಾಪ, ಸೆಲ್ಲಿನ ತಪ್ಪೇನೂ ಇರಲಿಲ್ಲ. ಲಿನಕ್ಸ್ ಟರ್ಮಿನಲ್ಲಿನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ‘ಟೈಮ್‌ಡೇಟ್‌ಸಿಟಿಎಲ್’, ಖಾಲಿ ಜಾಗ, ನಡುವೆ ಹೈಫನ್ ಹಾಕಿದ ‘ಸೆಟ್-ಲೋಕಲ್-ಆರ್‌ಟಿಸಿ’, ಖಾಲಿ ಜಾಗ, 1. ಹೀಗೆ ಮಾಡಬಾರದೆಂದು ಅದು ಎಚ್ಚರಿಸಬಹುದು. ಬೇಸಿಗೆ–ಚಳಿಗಾಲಕ್ಕೆ ಗಡಿಯಾರ ಹಿಂದೆ ಮುಂದೆ ತಿರುಗಿಸುವ ದೇಶಗಳಲ್ಲಿ ಅದರಿಂದ ಫಜೀತಿ. ನಮಗೆ ಆ ಕಾಟವಿಲ್ಲ.

ಪ್ರಶ್ನೆ: ನಮ್ಮದು ಗದಗಿನಲ್ಲಿ ಸಣ್ಣ ಮುದ್ರಣಾಲಯ. ಲಿನಕ್ಸ್ ಮಿಂಟ್ ಹಾಕಿದ ಮೇಲೆ ಗಿರಾಕಿಗಳು ತರುವ ನುಡಿ ತಂತ್ರಾಂಶದ ಫೈಲುಗಳು ಗಜಿಬಿಜಿ ಇಂಗ್ಲಿಷ್ ಆಗಿ ಕಾಣುತ್ತವೆ. ಲಿನಕ್ಸಿಗೆ ಕನ್ನಡ ಬರುವುದಿಲ್ಲವೇ?

ಉತ್ತರ: ಲಿನಕ್ಸಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಆ ಫೈಲಿನಲ್ಲಿ ಕನ್ನಡ ಇಲ್ಲ! ಸಿಟ್ಟಾಗಬೇಡಿ, ಬಿಡಿಸಿ ಹೇಳುತ್ತೇನೆ. ಹಳೆಯ ನುಡಿ ಫೈಲಿನಲ್ಲಿ ‘ಕ’ ಎಂದು ಕಾಣುವ ಜಾಗದಲ್ಲಿ ನಿಜಕ್ಕೂ ಕೂತಿರುವುದು ಇಂಗ್ಲಿಷಿನ ದೊಡ್ಡ ಪಿ. ಅದರ ತಲೆಕಟ್ಟಿಗೆ ಬೇರೆಯದೇ ಒಂದು ಚಿಹ್ನೆ. ನುಡಿ ಫಾಂಟು ಆ ಪಿಗೆ ಕನ್ನಡದ ವೇಷ ತೊಡಿಸುತ್ತಿತ್ತು. ಫಾಂಟ್ ಇಲ್ಲದ ಯಂತ್ರದಲ್ಲಿ ಬಣ್ಣ ಅಳಿಸಿದ ಬಯಲಾಟದವನ ಹಾಗೆ ಮೂಲ ರೂಪ ಹೊರಬೀಳುತ್ತದೆ. ಯುನಿಕೋಡಿನಲ್ಲಿ ಹಾಗಲ್ಲ, ‘ಕ’ ಎಂದರೆ ‘ಕ’ಕ್ಕೇ ಮೀಸಲಾದ ಸಂಖ್ಯೆ.

ಬರೀ ತೆರೆದು ಮುದ್ರಿಸುವುದಾದರೆ, ಗಿರಾಕಿ ಬಳಸಿದ ನುಡಿ ಫಾಂಟಿನ ಫೈಲು ತಂದು ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ‘ಇನ್‌ಸ್ಟಾಲ್’ ಒತ್ತಿ. ಬರಹದ ತಂತ್ರಾಂಶ ಲಿಬ್ರೆಆಫೀಸ್ ಮುಚ್ಚಿ ತೆರೆದರೆ ಆಯಿತು. ಹುಡುಕಬೇಕು, ತಿದ್ದಬೇಕು, ಜಾಲತಾಣಕ್ಕೆ ಹಾಕಬೇಕು ಎಂದರೆ ಯುನಿಕೋಡಿಗೆ ಪರಿವರ್ತಿಸಲೇಬೇಕು. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಒಂದೇ ತೊಡಕು: ನಡುನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಅವು ಕನ್ನಡವೆಂದೇ ತಿಳಿದು ಕಲಸಿಬಿಡುತ್ತವೆ. ಲಗ್ನಪತ್ರಿಕೆಯಲ್ಲಿ ವರನ ‘ಬಿ.ಇ.’ ಏನೇನೋ ಆಗಿ ಅಚ್ಚಾದರೆ ಬೀಗರ ಮುಂದೆ ನಿಲ್ಲಬೇಕಾದವರು ನೀವು. ಹೀಗಾಗಿ ಪ್ರೂಫ್ ಬಿಡಬೇಡಿ. ಮೂಲ ಫೈಲನ್ನೂ ಅಳಿಸಬೇಡಿ, ಹಳೆಯ ಪುಟವಿನ್ಯಾಸ ತಂತ್ರಾಂಶ ಇಟ್ಟುಕೊಂಡವರು ಅದನ್ನೇ ಕೇಳುತ್ತಾರೆ.

ಟೈಪಿಂಗಿಗೆ ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಬಂದು, ಕನ್ನಡದಡಿ ‘ಕೆಜಿಪಿ’ ಆರಿಸಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಬೋರ್ಡ್ ವಿನ್ಯಾಸದ್ದೇ ಜಾಡು, ಒತ್ತಕ್ಷರಕ್ಕೆ ಎಫ್. ನಿಮ್ಮ ಕಂಪೋಸಿಂಗ್ ಹುಡುಗಿಯರ ಬೆರಳಿಗೆ ಹೊಸದಾಗಿ ಪಾಠ ಬೇಕಾಗಲಿಕ್ಕಿಲ್ಲ.

ಪ್ರಶ್ನೆ: ಪಾಸ್‌ವರ್ಡ್ ಕೊಟ್ಟರೆ ಒಂದು ಕ್ಷಣ ಕಪ್ಪಾಗಿ ಮತ್ತೆ ಪಾಸ್‌ವರ್ಡನ್ನೇ ಕೇಳುತ್ತದೆ. ತಪ್ಪು ಎಂದೂ ಹೇಳುವುದಿಲ್ಲ. (ಹಾವೇರಿ)

ಉತ್ತರ: ತಪ್ಪು ಎನ್ನದೆ ವಾಪಸು ಕಳಿಸಿತು ಎಂದರೆ ಪಾಸ್‌ವರ್ಡ್ ಸರಿಯಿದೆ, ಒಳಗೆ ಕೂರಲು ಜಾಗವಿಲ್ಲ. ಹೆಚ್ಚಾಗಿ ಡಿಸ್ಕ್ ತುಂಬಿರುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಹೆಸರು ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. (ಪಾಸ್‌ವರ್ಡ್ ಹೊಡೆಯುವಾಗ ಚುಕ್ಕೆ ಸಹ ಕಾಣುವುದಿಲ್ಲ, ಕೀಬೋರ್ಡ್ ಕೆಟ್ಟಿದೆ ಎಂದು ಪತ್ರ ಬರೆಯಬೇಡಿ.) ‘ಡಿಎಫ್’, ಖಾಲಿ ಜಾಗ, ಹೈಫನ್ ಎಚ್. ಬರೀ ಒಂದು ಸ್ಲ್ಯಾಶ್ ಇರುವ ಸಾಲಿನಲ್ಲಿ 100% ಕಂಡರೆ ಕಳ್ಳ ಸಿಕ್ಕ. ‘ಸುಡೊ ಎಪಿಟಿ ಕ್ಲೀನ್’ ಕೊಟ್ಟರೆ ತುಸು ಜಾಗ ಬಿಡುವಾಗುತ್ತದೆ. ಕಂಟ್ರೋಲ್, ಆಲ್ಟ್, ಎಫ್7 (ಲಿನಕ್ಸ್ ಮಿಂಟಿನಲ್ಲಿ) ಒತ್ತಿ ಹಿಂದಿರುಗಿ ಲಾಗಿನ್ ಆಗಿ ನೋಡಿ. ಒಳಗೆ ಹೋದ ಮೇಲೆ, ವ್ಯವಸ್ಥೆಯ ಪ್ರತಿ ತೆಗೆದಿಡುವ ‘ಟೈಮ್‌ಶಿಫ್ಟ್’ ತೆರೆದು ಹಳೆಯ ಪ್ರತಿಗಳನ್ನು ಅಳಿಸಿ, ಎರಡು ಮೂರಕ್ಕಿಂತ ಹೆಚ್ಚು ಇಡಬೇಡಿ. ಅದು ಉಳಿಸುವುದು ವ್ಯವಸ್ಥೆಯ ಫೈಲುಗಳನ್ನು. ನಿಮ್ಮ ಫೋಟೊ, ಪತ್ರಗಳನ್ನು ತಾನಾಗಿ ಉಳಿಸುವುದಿಲ್ಲ. ಅವಕ್ಕೆ ಬೇರೆ ಡಿಸ್ಕ್ ಬೇಕು.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ವಿಂಡೋಸ್ 10ರ ಬೆಂಬಲ ಮುಗಿಯಿತಂತೆ. 4 ಜಿಬಿ ರ್ಯಾಮಿನ ಯಂತ್ರಕ್ಕೆ ಲಿನಕ್ಸ್ ಹಾಕಲೇ? ಲೆಕ್ಕ ಎಲ್ಲಾ ಟ್ಯಾಲಿಯಲ್ಲಿದೆ.

ಉತ್ತರ: ಮುಗಿದದ್ದು ನಿಜ, 2025ರ ಅಕ್ಟೋಬರ್ 14ಕ್ಕೆ. ಆದರೆ ಅಂಗಡಿ ಯಂತ್ರಕ್ಕೆ ಲಿನಕ್ಸ್ ಹಾಕಬೇಡಿ. ಈ ಅಂಕಣದಲ್ಲಿ ಹೀಗೆ ಹೇಳಿದ್ದಕ್ಕೆ ನನ್ನ ಹಳೆಯ ವಿದ್ಯಾರ್ಥಿಗಳು ಬೈದರೂ ಚಿಂತೆಯಿಲ್ಲ. ಟ್ಯಾಲಿ ವಿಂಡೋಸಿನದು. ವೈನ್ (ವಿಂಡೋಸ್ ಕಾರ್ಯಕ್ರಮಗಳನ್ನು ಲಿನಕ್ಸಿನಲ್ಲಿ ನಡೆಸುವ ತಂತ್ರಾಂಶ) ಮೂಲಕ ಓಡಿಸಬಹುದು ಎಂದು ಯಾರಾದರೂ ಹುರಿದುಂಬಿಸಿದರೆ, ಸುಗ್ಗಿಯ ದಿನ ಮಾರ್ಕೆಟ್ಟಿನಲ್ಲಿ ಚೀಲಗಳು ಸಾಲುಗಟ್ಟಿದಾಗ ಅವರು ಬಂದು ನಿಮ್ಮ ಗಲ್ಲೆ ಪಕ್ಕ ಕೂರುತ್ತಾರಾ ಕೇಳಿ. ಅಂಗಡಿಗೆ ವಿಂಡೋಸ್ 11 ನಡೆಯುವ ಯಂತ್ರ ತೆಗೆದುಕೊಳ್ಳಿ. ಹಳೆಯದಕ್ಕೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿ, ಲೆಕ್ಕದ ಬ್ಯಾಕಪ್ ಎರಡು ಕಡೆ ತೆಗೆದು, ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿ ಮನೆಗೆ ಒಯ್ಯಿರಿ. 2029ರವರೆಗೆ ಅಪ್‌ಡೇಟ್ ಬರುತ್ತವೆ, ಮಕ್ಕಳ ಓದಿಗೆ 4 ಜಿಬಿ ಸಾಕು. ಬ್ರೌಸರಿನಲ್ಲಿ ಒಂದೇ ಸಲ ಮೂವತ್ತು ಕಿಟಕಿ ತೆರೆದರೆ ಮಾತ್ರ ಕುಂಟುತ್ತದೆ. ಹಾಕುವ ಮುನ್ನ ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಪ್ರಿಂಟರ್ ಪರೀಕ್ಷಿಸಿ. ಅವು ನಡೆಯದಿದ್ದರೆ ಮಾಡೆಲ್ ಸಂಖ್ಯೆ ಸಮೇತ ಬರೆಯಿರಿ. ‘ಬರವಲ್ದು’ ಅಂತಲ್ಲ.