ಕೂಗಿದವರಲ್ಲಿ ನೀವೂ ಇದ್ದಿರಿ

ಗೆಳೆಯರೇ,

ಅಚ್ಚಿಗೆಂದು ನೀವು ಕಳಿಸಿದ ‘ನಮ್ಮ ತಂಡ, ನಮ್ಮ ಬೈಗುಳ’ ಲೇಖನ ತಲುಪಿತು. ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಸಿಟ್ಟು ಬಂತು. ಏನೂ ಅನ್ನಿಸದ ಲೇಖನಗಳಿಗೆ ಎರಡು ಸಾಲು ಬರೆದು ಕಳಿಸಿಬಿಡುತ್ತೇನೆ. ನಿಮ್ಮದಕ್ಕೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಬರವಣಿಗೆ ಸಲೀಸಾಗಿದೆ. ಕಾಗುಣಿತ ಸರಿಯಿದೆ. ಕನ್ನಡದಲ್ಲಿ ಫುಟ್‌ಬಾಲ್ ಬಗ್ಗೆ ಬರೆಯುವವರು ಕಡಿಮೆ, ನೀವು ಬರೆದಿದ್ದೀರಿ, ಸಂತೋಷ. ಅಭಿಮಾನಿಗಳು ತಮ್ಮದೇ ತಂಡದ ಆಟಗಾರನಿಗೆ, ಅಸಮಾಧಾನ ತೋರಿಸಲು, ‘ಬೂ’ ಅನ್ನಬಹುದೇ ಎಂದು ಕೇಳಿಕೊಂಡು, ‘ಖಂಡಿತ ಅನ್ನಬಹುದು, ಟಿಕೆಟ್‌ಗೆ ದುಡ್ಡು ಕೊಟ್ಟಿದ್ದೇವೆ’ ಎಂದು ವಾದಿಸಿದ್ದೀರಿ. ಟಿಕೆಟ್ ದುಡ್ಡಿನ ವಾದವನ್ನು ಹಾಗೇ ಬಿಡುತ್ತೇನೆ. ನನ್ನನ್ನು ಕಾಡಿದ್ದು ಎರಡೇ ಜಾಗ.

ಮೊದಲನೆಯದು ಎರಡನೇ ಪುಟದಲ್ಲಿದೆ. ‘2022ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಅಭಿಮಾನಿಗಳು ಮೆಸ್ಸಿ ಚೆಂಡು ಮುಟ್ಟಿದಾಗಲೆಲ್ಲ ಶಿಳ್ಳೆ ಹೊಡೆದರು.’ ಇಷ್ಟು ಬರೆದು ಮುಂದಿನ ಪ್ಯಾರಾಕ್ಕೆ ಹೋಗಿದ್ದೀರಿ. ಇದನ್ನು ನಿಮ್ಮ ಅಮ್ಮನಿಗೆ ಓದಿ ಹೇಳಿ ನೋಡಿ. ಮೆಸ್ಸಿ ಎಷ್ಟು ಚೆನ್ನಾಗಿ ಆಡಿದನೋ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಶಿಳ್ಳೆ ಅಂದರೆ ಖುಷಿ. ಟಾಕೀಸಿನಲ್ಲಿ ಹೀರೋ ಬಂದಾಗ ಹೊಡೆಯುವುದು ಶಿಳ್ಳೆ. ಯೂರೋಪಿನ ಮೈದಾನಗಳಲ್ಲಿ ಅದು ಉಲ್ಟಾ. ಅಲ್ಲಿ ಶಿಳ್ಳೆ ಅಂದರೆ ‘ನೀನು ನಮಗೆ ಬೇಡ’ ಅಂತ. ಆ ಒಂದು ಮಾತು ಹೇಳದೆ ಹೋದರೆ ನಿಮ್ಮ ಸಾಲು ಓದುಗನಿಗೆ ತಪ್ಪು ಸುದ್ದಿ ಕೊಡುತ್ತದೆ.

ಆ ಸಂಜೆಯನ್ನು ಬಿಡಿಸಿ ನೋಡಿದ್ದರೆ ನಿಮಗೆ ಬೇಕಾದ್ದೆಲ್ಲ ಅಲ್ಲೇ ಇತ್ತು. ನಾಲ್ಕು ದಿನ ಮೊದಲು ಮೆಸ್ಸಿ ಆಗ ಆಡುತ್ತಿದ್ದ ಪ್ಯಾರಿಸ್ ಕ್ಲಬ್ ಪಿಎಸ್‌ಜಿ ಮ್ಯಾಡ್ರಿಡ್‌ನಲ್ಲಿ ಸೋತು, ಯೂರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನಿಂದ ಹೊರಬಿದ್ದಿತ್ತು. ಎದುರಾಳಿ ರಿಯಲ್ ಮ್ಯಾಡ್ರಿಡ್ ತಂಡದ ಬೆನ್ಜೆಮಾ ಒಬ್ಬರೇ ಮೂರು ಗೋಲು ಹೊಡೆದಿದ್ದರು. ಆಮೇಲೆ ಬೋರ್ಡೊ ವಿರುದ್ಧ ತವರಿನಲ್ಲಿ ಆಟ. ಪಿಎಸ್‌ಜಿ 3-0ಯಿಂದ ಗೆದ್ದಿತು. ಗೋಲು ಹೊಡೆದ ನೇಮರ್‌ಗೂ ಶಿಳ್ಳೆ ತಪ್ಪಲಿಲ್ಲ. ಅದೇ ತಂಡದ ಎಂಬಾಪೆಗೆ ಮಾತ್ರ ಚಪ್ಪಾಳೆ. ಅಂದರೆ ಜನ ಆರಿಸಿಕೊಂಡು ಶಿಕ್ಷೆ ಕೊಡುತ್ತಿದ್ದರು. ಅವರು ಹೇಗೆ ಆರಿಸಿದರು, ಯಾಕೆ ಆರಿಸಿದರು? ನಿಮ್ಮ ಲೇಖನ ಕೇಳಬೇಕಾಗಿದ್ದ ಪ್ರಶ್ನೆ ಅದು. ನೀವು ‘ಶಿಳ್ಳೆ ಹೊಡೆದರು’ ಎಂದು ದಾಟಿಕೊಂಡಿರಿ.

‘ಬೂ’ ಅನ್ನುವ ಸದ್ದನ್ನು ಬೇರೆ ಬೇರೆ ಕಡೆ ಗೇಲಿ, ಧಿಕ್ಕಾರ, ಛೀಮಾರಿ, ಬೈಗುಳ ಎಂದು ಕರೆದಿದ್ದೀರಿ. ಒಂದೇ ಪದ ಮತ್ತೆ ಮತ್ತೆ ಬರಬಾರದು ಅಂತ ಬದಲಾಯಿಸಿದ್ದೀರಿ ಅಲ್ವಾ? ಆದರೆ ಇವು ನಾಲ್ಕೂ ಬೇರೆ ಬೇರೆ. ಗೇಲಿಯಲ್ಲಿ ನಗು ಇರುತ್ತದೆ. ಧಿಕ್ಕಾರ ಕೂಗುವವನಿಗೆ ಒಂದು ಬೇಡಿಕೆ ಇರುತ್ತದೆ. ಛೀಮಾರಿ ಹಾಕುವವನು ಎದುರಿಗೆ ನಿಂತಿರುತ್ತಾನೆ. ಬೈಯುವವನು ಇಂಥದ್ದಕ್ಕೆ ಬೈಯುತ್ತಿದ್ದೇನೆ ಅಂತ ಹೇಳಬೇಕಾಗುತ್ತದೆ, ಅವನ ದನಿ ಗುರುತು ಸಿಗುತ್ತದೆ. ‘ಬೂ’ನಲ್ಲಿ ಇದ್ಯಾವುದೂ ಇಲ್ಲ. ಮಾತಿಲ್ಲ. ತುಟಿ ಅಷ್ಟಾಗಿ ಅಲುಗಬೇಕಾಗಿಲ್ಲ. ಪಕ್ಕದ ಸೀಟಿನವನಿಗೂ ಅದು ನಿಮ್ಮದೋ ಹಿಂದಿನವನದ್ದೋ ಗೊತ್ತಾಗುವುದಿಲ್ಲ. ನಮ್ಮ ಕಡೆ ‘ಹೋ’ ಅಂತ ಗುಂಪಾಗಿ ಕೂಗುವುದಿದೆಯಲ್ಲ, ಅದು ಇದಕ್ಕೆ ಹತ್ತಿರ. ಸುಮ್ನೆ ‘ಬೂ’ ಅಂತಲೇ ಬರೆಯಿರಿ. ಹತ್ತು ಸಲ ಬಂದರೂ ಪರವಾಗಿಲ್ಲ.

ಈಗ ಎರಡನೆಯ ಜಾಗ. ಸಿಟ್ಟು ಬಂದದ್ದು ಇಲ್ಲಿ. ‘2019ರಲ್ಲಿ ಕಳಪೆ ಆಟವಾಡಿದ ಆರ್ಸೆನಲ್ ನಾಯಕ ಗ್ರಾನಿಟ್ ಜಾಕಾ ಅಭಿಮಾನಿಗಳ ಆಕ್ರೋಶಕ್ಕೆ ಗುರಿಯಾಗಬೇಕಾಯಿತು. ತಾಯಿ ಮಗುವನ್ನು ಗದರುವಂತೆ ಅವರನ್ನು ಗದರಲಾಯಿತು.’

‘ಗುರಿಯಾಗಬೇಕಾಯಿತು.’ ಯಾರು ಗುರಿ ಇಟ್ಟರು? ‘ಗದರಲಾಯಿತು.’ ಗದರಿದವರು ಯಾರು? ಎರಡು ವಾಕ್ಯದಲ್ಲಿ ಪೆಟ್ಟು ತಿಂದವನಿಗೆ ಹೆಸರಿದೆ, ಕೊಟ್ಟವರಿಗಿಲ್ಲ.

ಅವತ್ತು ಅಕ್ಟೋಬರ್ 27. ಲಂಡನ್ನಿನಲ್ಲಿ ಆರ್ಸೆನಲ್‌ನ ತವರು ಮೈದಾನ ಎಮಿರೇಟ್ಸ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದುರು ಆಟ. ಆರ್ಸೆನಲ್ ಹತ್ತು ನಿಮಿಷದೊಳಗೆ ಎರಡು ಗೋಲು ಮುಂದಿತ್ತು, ಆಮೇಲೆ ಎರಡನ್ನೂ ಬಿಟ್ಟುಕೊಟ್ಟಿತು. 61ನೇ ನಿಮಿಷದಲ್ಲಿ ಜಾಕಾ ಅವರನ್ನು ಹೊರಗೆ ಕರೆದು ಸಾಕಾ ಅವರನ್ನು ಇಳಿಸಿದರು. ಬೋರ್ಡಿನಲ್ಲಿ ಜಾಕಾ ನಂಬರ್ ಕಂಡಾಗ ಜನ ಮೊದಲು ಖುಷಿಯಿಂದ ಕೂಗಿದರು. ಸ್ವಂತ ನಾಯಕ ಹೊರಗೆ ಹೋಗುತ್ತಿದ್ದಾನೆ ಅಂತ ಖುಷಿ. ಅವರು ನಿಧಾನವಾಗಿ ನಡೆದರು. ಆಗ ‘ಬೂ’ ಜೋರಾಯಿತು. ಅವರು ಕೈ ಬೀಸಿದರು, ಕಿವಿಗೆ ಕೈ ಇಟ್ಟು ‘ಇನ್ನೂ ಕೂಗಿ’ ಅಂದರು, ಶರ್ಟ್ ಬಿಚ್ಚಿ ನೇರ ಒಳಗೆ ಹೋದರು. ನವೆಂಬರ್ 5ಕ್ಕೆ ನಾಯಕತ್ವ ಹೋಯಿತು. ನಡುವೆ ಅವರೊಂದು ಹೇಳಿಕೆ ಕೊಟ್ಟಿದ್ದರು. ಹೆಂಡತಿಯನ್ನು ಕೊಲ್ಲಿ, ಮಗಳಿಗೆ ಕ್ಯಾನ್ಸರ್ ಬರಲಿ ಅಂತ ಜನ ಫೋನಿಗೆ ಬರೆದು ಕಳಿಸಿದ್ದನ್ನು ಅದರಲ್ಲಿ ಹೇಳಿದ್ದರು. ಆ ಮಗಳು ಆಗಿನ್ನೂ ಎಳೇ ಕೂಸು.

ಕ್ರೀಡಾಂಗಣದಲ್ಲಿ ‘ಬೂ’ ಅಂದವರೂ ಫೋನಿನಲ್ಲಿ ಹಾಗೆ ಬರೆದವರೂ ಒಬ್ಬರೇ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಹೇಳಿಕೆಯನ್ನು ಬಿಟ್ಟು ‘ತಾಯಿ ಗದರಿದಂತೆ’ ಅಂತ ಬರೆಯಲು ನಿಮಗೆ ಹೇಗೆ ಮನಸ್ಸಾಯಿತು? ತಾಯಿ ಮನೆಯೊಳಗೆ ಗದರುತ್ತಾಳೆ. ಬೀದಿಯವರ ಎದುರು ಮಗನನ್ನು ಬಿಟ್ಟುಕೊಡುವುದಿಲ್ಲ. ಗದರಿದ ಮೇಲೆ ತಟ್ಟೆ ಇಡುತ್ತಾಳೆ. ಒಬ್ಬನೇ ನಡೆದು ಹೋಗುತ್ತಿರುವವನ ಬೆನ್ನಿಗೆ ಸಾವಿರಾರು ಜನ ಒಟ್ಟಿಗೆ ಕೂಗುವುದಕ್ಕೆ ತಾಯಿಯನ್ನು ಎಳೆದು ತರಬೇಡಿ. ಹಿಂದೆ, 2008ರ ಡಿಸೆಂಬರ್‌ನಲ್ಲಿ, ಇದೇ ಮೈದಾನದಲ್ಲಿ ಆರ್ಸೆನಲ್‌ನದ್ದೇ ಆಟಗಾರ ಎಮಾನ್ಯುಯಲ್ ಎಬುವೆ ಅವರಿಗೂ ಹೀಗೇ ಆಗಿತ್ತು. ಗಾಯದಿಂದ ಚೇತರಿಸಿಕೊಂಡು ಬಂದಿದ್ದರು. ಬದಲಿಯಾಗಿ ಇಳಿದವರನ್ನೇ ಕೊನೆಯಲ್ಲಿ ಮತ್ತೆ ಹೊರಗೆ ಕರೆದರು. ಆರ್ಸೆನಲ್ ವಿಗನ್ ಎದುರು 1-0 ಮುಂದಿತ್ತು. ಆದರೂ ‘ಬೂ’.

ನನ್ನ ಅಭಿಪ್ರಾಯ ಕೇಳುತ್ತೀರಾದರೆ, ಆಟ ಮುಗಿದ ಮೇಲೆ ಇಡೀ ತಂಡಕ್ಕೆ ‘ಬೂ’ ಅನ್ನುವುದು ನನಗೆ ಅರ್ಥವಾಗುತ್ತದೆ. ಹನ್ನೊಂದು ಜನ ಅದನ್ನು ಹಂಚಿಕೊಳ್ಳುತ್ತಾರೆ, ಕೋಚ್ ಕೂಡ. ಒಬ್ಬನನ್ನು ಆರಿಸಿ ಕೂಗುವುದು ನನಗೆ ಒಪ್ಪಿಗೆಯಿಲ್ಲ. ನೀವು ಒಪ್ಪಬೇಕಾಗಿಲ್ಲ. ನಾನು ಒಪ್ಪದ ಲೇಖನವನ್ನೂ ಅಚ್ಚು ಹಾಕುತ್ತೇನೆ. ಕೂಗಿದವನು ಯಾರು ಅಂತ ಹೇಳದ ಲೇಖನವನ್ನು ಮಾತ್ರ ಹಾಕುವುದಿಲ್ಲ.

ಇದರಲ್ಲಿ ನಾನು ಯಾಕಿಷ್ಟು ಹಟ ಮಾಡುತ್ತೇನೆ ಅಂದರೆ ಅದಕ್ಕೊಂದು ಕಾರಣ ಇದೆ. ನಾನು ಪತ್ರಿಕೆಯೊಂದರ ಕ್ರೀಡಾ ಪುಟದಲ್ಲಿ ಕೆಲಸ ಕಲಿಯುತ್ತಿದ್ದ ಮೊದಲ ವರ್ಷ. ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಒಂದು ಲೀಗ್ ಪಂದ್ಯಕ್ಕೆ ಕಳಿಸಿದ್ದರು. ಒಂದು ಕಾರ್ಖಾನೆಯ ತಂಡ ಆಡುತ್ತಿತ್ತು. ಇದ್ದವರು ಹೆಚ್ಚೆಂದರೆ ಮುನ್ನೂರು ಜನ. ಅರ್ಧಕ್ಕರ್ಧ ಅದೇ ಕಾರ್ಖಾನೆಯವರು, ಶಿಫ್ಟ್ ಮುಗಿಸಿ ಬಂದವರು. ಅವರ ಡಿಫೆಂಡರ್ ಒಬ್ಬ, ವಯಸ್ಸಾಗಿತ್ತು, ಓಡಲು ಆಗುತ್ತಿರಲಿಲ್ಲ. ಅವನನ್ನು ದಾಟಿಯೇ ಎರಡು ಗೋಲು ಬಂದವು. ನನ್ನ ಮುಂದಿನ ಸಾಲಿನವನೊಬ್ಬ ‘ಹೋ’ ಅಂದ. ಇನ್ನಿಬ್ಬರು ಸೇರಿದರು. ಆಮೇಲೆ ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಇಡೀ ಸ್ಟ್ಯಾಂಡ್ ‘ಹೋ’. ನನ್ನ ಬಾಯಿಂದಲೂ ಬಂತು. ನೋಟ್‌ಬುಕ್ ಕೈಯಲ್ಲೇ ಇತ್ತು. ಆಟ ಮುಗಿದ ಮೇಲೆ ಅವನು ಸೈಕಲ್ ತಳ್ಳಿಕೊಂಡು ಗೇಟಿನ ಹತ್ತಿರ ಬಂದ. ಬೂಟುಗಳನ್ನು ಹ್ಯಾಂಡಲ್‌ಗೆ ನೇತು ಹಾಕಿದ್ದ. ಮೊದಲು ಕೂಗಿದವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಯಾರೂ ಮಾತಾಡಲಿಲ್ಲ.

ಆಫೀಸಿಗೆ ಬಂದು ಬರೆದೆ. ‘ಕಳಪೆ ರಕ್ಷಣೆಯಿಂದಾಗಿ ಪ್ರೇಕ್ಷಕರ ಆಕ್ರೋಶಕ್ಕೆ ಗುರಿಯಾಗಬೇಕಾಯಿತು.’ ನಿಮ್ಮದೇ ವಾಕ್ಯ. ನಮ್ಮ ಹಿರಿಯ ಉಪಸಂಪಾದಕರು ‘ಪ್ರೇಕ್ಷಕರ’ ಅನ್ನುವುದರ ಸುತ್ತ ಕೆಂಪು ಪೆನ್ನಿನಲ್ಲಿ ಗುಂಡಗೆ ಸುತ್ತಿದರು.

‘ಪ್ರೇಕ್ಷಕರು ಅಂದ್ರೆ ಯಾರಪ್ಪಾ?’

‘ಎಲ್ಲರೂ ಸರ್.’

‘ನೀನು?’

ಸುಳ್ಳು ಹೇಳಲು ಆಗಲಿಲ್ಲ. ‘ನಾನೂ ಸರ್’ ಅಂದೆ. ಅವರು ಬೈಯಲಿಲ್ಲ. ‘ಹಾಗಾದ್ರೆ ಅದನ್ನ ಬರ್ಕೊಂಡು ಬಾ’ ಅಂದು ಹಾಳೆ ವಾಪಸ್ ಕೊಟ್ಟರು. ನಾನು ಬರೆಯಲಿಲ್ಲ, ಧೈರ್ಯ ಸಾಲಲಿಲ್ಲ. ಮರುದಿನ ಪುಟದಲ್ಲಿ ಸ್ಕೋರ್ ಮಾತ್ರ ಬಂತು, ಎರಡು ಸಾಲು. ಆ ಡಿಫೆಂಡರ್ ಬಗ್ಗೆ ನಾನು ಬರೆಯುತ್ತಿರುವುದು ಇದೇ ಮೊದಲು, ಅದೂ ನಿಮಗೆ.

ಇನ್ನೊಂದು ಸಾಲು. ‘ನಮ್ಮನ್ನು ಬೈಯಿರಿ ಎಂದು ಸುನಿಲ್ ಛೆಟ್ರಿಯೇ ಹೇಳಿದ್ದಾರೆ’ ಎಂದು ಅವರನ್ನು ನಿಮ್ಮ ಸಾಕ್ಷಿಯಾಗಿ ತಂದಿದ್ದೀರಿ. ಭಾರತ ತಂಡದ ಆಗಿನ ನಾಯಕ ಛೆಟ್ರಿ ಆ ಮಾತು ಹೇಳಿದ ವಿಡಿಯೊ ಮಾಡಿದ್ದು 2018ರ ಜೂನ್ 2ರಂದು. ಹಿಂದಿನ ದಿನ ಮುಂಬೈನಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿತ್ತು. ಮೂರು ಗೋಲು ಅವರದ್ದೇ. ನೋಡಲು ಬಂದವರು 2,569 ಜನ. ಖಾಲಿ ಕುರ್ಚಿ ನೋಡಿ ನೋಡಿ ಸಾಕಾದ ಮನುಷ್ಯ ಆಡಿದ ಮಾತು ಅದು. ಬೈಯುವುದಾದರೂ ಇಂಟರ್ನೆಟ್‌ನಲ್ಲಿ ಬೇಡ, ಇಲ್ಲಿ ಬಂದು ಮುಖ ನೋಡಿ ಬೈಯಿರಿ ಅಂದರು. ಅವರು ಕೇಳಿದ್ದು ‘ಬನ್ನಿ’ ಅಂತ. ಆ ಸಾಲು ತೆಗೆದುಬಿಡಿ. ಇಲ್ಲವೇ ಪೂರ್ತಿ ಹೇಳಿ.

ನಿಮ್ಮ ಲೇಖನದಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಸಾಲು ಇದೆ. ಆರನೇ ಪುಟದಲ್ಲಿ, ಆವರಣದ ಒಳಗೆ ಹಾಕಿ ಮುಚ್ಚಿಟ್ಟಿದ್ದೀರಿ. ‘ಆ ರಾತ್ರಿ ಪಿಜಿ ರೂಮಿನಲ್ಲಿ ನಾವು ಮೂವರೂ ಟಿವಿ ಮುಂದೆ ಕೂಗಿದ್ದೆವು.’ ಆವರಣ ತೆಗೆಯಿರಿ. ಲೇಖನ ಅಲ್ಲಿಂದ ಶುರುವಾಗಲಿ. ನಾನು ಕ್ಯಾಲೆಂಡರ್ ತೆಗೆದು ನೋಡಿದೆ. ಜಾಕಾಗೆ ‘ಬೂ’ ಅಂದ ಆ ದಿನ ಭಾನುವಾರ, ದೀಪಾವಳಿ. ನಮ್ಮಲ್ಲಿ ಆಟ ಶುರುವಾದಾಗ ರಾತ್ರಿ ಹತ್ತು ಗಂಟೆ. ಹೊರಗೆ ಪಟಾಕಿ ಇದ್ದಿರಬೇಕು. ನೀವು ಮೂವರು ಊರಿಗೆ ಯಾಕೆ ಹೋಗಿರಲಿಲ್ಲ? ಮೊದಲು ಕೂಗಿದ್ದು ಯಾರು? ‘ಬೂ’ ಅಂದಿರೋ, ಕನ್ನಡದಲ್ಲೇ ಏನಾದರೂ ಅಂದಿರೋ? ಜಾಕಾ ಶರ್ಟ್ ಬಿಚ್ಚಿದಾಗ ರೂಮಿನಲ್ಲಿ ಯಾರಾದರೂ ಸುಮ್ಮನಾದರಾ?

ಆಮೇಲೆ 2023ರ ಮೇ 28. ಅದೇ ಮೈದಾನ, ವುಲ್ವ್ಸ್ ಎದುರು 5-0, ಮೊದಲ ಎರಡು ಗೋಲು ಜಾಕಾ ಅವರದ್ದು. ಇರು, ಹೋಗಬೇಡ ಅಂತ ಜನ ಅವರ ಹೆಸರು ಹಿಡಿದು ಹಾಡಿದರು. ಅವರು ಹೋದರು. ಮುಂದಿನ ವರ್ಷ ಲೆವರ್ಕುಸೆನ್ ಜೊತೆ ಒಂದೂ ಪಂದ್ಯ ಸೋಲದೆ ಜರ್ಮನಿಯ ಲೀಗ್ ಗೆದ್ದರು. ಅವರು ಎರಡು ಗೋಲು ಹೊಡೆದ ಆ ದಿನ ನೀವು ಮೂವರು ಎಲ್ಲಿದ್ದಿರಿ? ಒಬ್ಬರಿಗೊಬ್ಬರು ಫೋನ್ ಮಾಡಿದಿರಾ?

ಇದನ್ನೆಲ್ಲ ಬರೆದು ಕಳಿಸಿ. ‘ಅಭಿಮಾನಿಗಳು’ ಅಂತ ಬರೆದ ಕಡೆಯಲ್ಲೆಲ್ಲ ನಾನು ಪೆನ್ಸಿಲ್ ಗುರುತು ಹಾಕಿದ್ದೇನೆ, ಪ್ರತಿ ಜೊತೆಗಿದೆ. ಹದಿನೇಳು ಕಡೆ ಇವೆ. ಯಾವ ಕಡೆ ‘ನಾನು’ ಅಂತ ಬರಬೇಕು ಅನ್ನುವುದು ನಿಮಗೇ ಗೊತ್ತು.