ಎಲ್ಲಾ ಆರಾಮ ಐತಿ

ಭಾರತ-ಪಾಕಿಸ್ತಾನದ ಕದನವಿರಾಮ ಆಗಿ ನಾಲ್ಕೈದು ದಿನ ಕಳೆದಿತ್ತು. ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಿಂದ ಸೊಸೆಯೊಬ್ಬರು ತಮ್ಮ ಮಾವನನ್ನು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದರು. (ಊರು, ಹೆಸರು ಬರೆಯುತ್ತಿಲ್ಲ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ.)

ನಾಲ್ಕು ಎಕರೆ ಎರೆಹೊಲ, ಒಂದು ಜೋಡಿ ಎತ್ತು. ಗಂಡುಮಕ್ಕಳಿಬ್ಬರೂ ಸೇನೆಯಲ್ಲಿ. ಹಿರಿಯವನು ಜಮ್ಮು ಕಡೆ ಇದ್ದ. ಕಿರಿಯವನು ಬಿತ್ತನೆಗೆ ಮುಂಚೆ ಹೊಲ ಹದ ಮಾಡಿಕೊಡೋಣ ಅಂತ ರಜೆ ಹಾಕಿ ಬಂದಿದ್ದ. 2025ರ ಮೇ 7ರಂದು ಆಪರೇಷನ್ ಸಿಂಧೂರ ಶುರುವಾಯಿತು. ಅವನ ರಜೆ ರದ್ದಾಯಿತು, ಅವತ್ತೇ ರಾತ್ರಿ ರೈಲು ಹತ್ತಿದ. ಕುಂಟೆ ಅರ್ಧ ಹೊಲದಲ್ಲೇ ಉಳಿಯಿತು.

ಸೊಸೆಯ ದೂರು ಇಷ್ಟು. ಮಾವ ರಾತ್ರಿಯೆಲ್ಲ ಟಿವಿ ಮುಂದೆ ಕೂರುತ್ತಾರೆ. ಬಿಪಿ ಮಾತ್ರೆ ಬಿಟ್ಟಿದ್ದಾರೆ. ಸಾರಿಗೆ ಉಪ್ಪು ಜಾಸ್ತಿ ಆಯಿತು ಅಂತ ತಟ್ಟೆ ತಳ್ಳುತ್ತಾರೆ. ಅತ್ತೆ ದಿನಾ ಒಪ್ಪತ್ತು ಹಿಡಿದಿದ್ದಾರೆ. ‘ಯುದ್ಧ ನಿಂತೈತಿ ಅಂದ್ರೂ ಮಾವಾರು ನಂಬವಲ್ರು.’

ಮಾವ ಬಾಯಿ ಬಿಟ್ಟದ್ದು ಒಂದೇ ಸಲ. ‘ನನಗೇನ್ ಆಗೇತ್ರೀ? ಎಲ್ಲಾ ಆರಾಮ ಐತಿ.’

ಇಲ್ಲಿ ನಾನೊಂದು ತಪ್ಪು ಮಾಡಿದೆ. ಟಿವಿ ಪೂರ್ತಿ ಬಂದ್ ಮಾಡಿ ಅಂದುಬಿಟ್ಟೆ. ಮನೆಯಲ್ಲಿ ಬಂದ್ ಆಯಿತು. ಯಜಮಾನರು ಚಹಾದಂಗಡಿಯ ಟಿವಿ ಮುಂದೆ ಹೋಗಿ ಕೂತರು. ಅಲ್ಲಿ ಸುದ್ದಿಯ ಜೊತೆಗೆ ಹತ್ತು ಜನರ ಬಾಯಿ ಬೇರೆ. ಮುಂದಿನ ವಾರ ಇನ್ನೂ ಸೊರಗಿ ಬಂದರು.

ಆಗ ಬೇರೆ ದಾರಿ ಹಿಡಿದೆ. ಮೇ 8ರ ರಾತ್ರಿ ಕರಾಚಿ ಬಂದರು ನಾಶವಾಯಿತು ಅಂತ ಕೆಲವು ವಾಹಿನಿಗಳು ಅರಚಿದ್ದು ನೆನಪಿದೆಯಾ ಅಂತ ಕೇಳಿದೆ. ‘ಹೌದು, ನೋಡೇನಿ.’ ಅದು ಸುಳ್ಳು ಅಂತ ಆಮೇಲೆ ಗೊತ್ತಾಯಿತಲ್ಲ? ಸ್ವಲ್ಪ ಹೊತ್ತು ಸುಮ್ಮನೆ ಕೂತರು. ‘ಹಂಗಾರ ನಾ ಅಂಜಿದ್ದೂ ಸುಳ್ಳಿಗೇನು?’ ಅಂದರು. ಅಂಜಿಕೆ ಸುಳ್ಳಲ್ಲ, ಯಜಮಾನರೇ, ಮಕ್ಕಳು ಗಡಿಯಲ್ಲಿರೋದು ನಿಜ ಅಂದೆ. ಸುದ್ದಿ ಬೇಡ ಅನ್ನಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹದಿನೈದು ನಿಮಿಷ. ರಾತ್ರಿ ಊಟ ಆದ ಮೇಲೆ ಇಲ್ಲ. ಇದಕ್ಕೆ ಒಪ್ಪಿದರು. ಮಾತ್ರೆಗೆ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ಅದು ನನ್ನ ಕೆಲಸ ಅಲ್ಲ, ಡಾಕ್ಟರದ್ದು.

ಆದರೆ ನಿಜವಾದ ಗಂಟು ಟಿವಿಯಲ್ಲಿ ಇರಲಿಲ್ಲ. ಎತ್ತಿನಲ್ಲಿತ್ತು.

ಕಿರಿಯ ಮಗ ಹೋದ ಮೂರನೇ ದಿನ ಒಂದು ಎತ್ತು ಸತ್ತಿತ್ತು. ಮಕ್ಕಳಿಗೆ ಹೇಳಬಾರದು ಅಂತ ಮನೆಯಲ್ಲಿ ತೀರ್ಮಾನ. ಪಾಪ, ಅಲ್ಲಿ ಅವರ ತಲೆಬಿಸಿ ಅವರಿಗೆ, ಇದ್ಯಾಕೆ ಅಂತ. ಹಳ್ಳಿಯಲ್ಲಿ ಎತ್ತು ಸತ್ತದ್ದು ಮುಚ್ಚಿಡೋಕೆ ಆಗುತ್ತಾ? ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಹಿರಿಯವನಿಗೆ ಹೇಳಿಬಿಟ್ಟ. ಅವನು ಹೆಂಡತಿಗೆ, ಅಂದರೆ ಈ ಸೊಸೆಗೆ, ಫೋನ್ ಮಾಡಿ ಕೇಳಿದ್ದು ಇದು: ‘ಎತ್ತು ಸತ್ತದ್ದು ಮುಚ್ಚಿಟ್ರಿ. ನಾಳೆ ಅಪ್ಪಗ ಏನರ ಆದ್ರೂ ಹಿಂಗ ಮುಚ್ಚಿಡ್ತೀರೇನು?’

ಈ ಮಾತು ಹೇಳುವಾಗ ಆಕೆ ಅತ್ತರು. ಮೊದಲ ದಿನ ನಾನು ಆಕೆಯನ್ನು ಏನೂ ಕೇಳಿರಲಿಲ್ಲ. ಕರೆದುಕೊಂಡು ಬಂದವರು ಗಟ್ಟಿ ಇದ್ದಾರೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಈ ಸಲ ಬೇರೆಯಾಗಿ ಕೂರಿಸಿ ಕೇಳಿದೆ. ದಿಂಬಿನ ಕೆಳಗೆ ಫೋನ್ ಇಟ್ಟು ಮಲಗುತ್ತಾರೆ. ತಾಸಿಗೊಮ್ಮೆ ಎದ್ದು ಗಂಡ ಕೊನೆಯ ಸಲ ವಾಟ್ಸಾಪ್ ನೋಡಿದ್ದು ಯಾವಾಗ ಅಂತ ಪರೀಕ್ಷೆ ಮಾಡುತ್ತಾರೆ. ಮಗುವಿಗೆ ಎರಡು ವರ್ಷ. ಹಾಲು ಕರೆಯೋದು, ಅಡುಗೆ, ಮಾವನ ಕೂಗಾಟ ಎಲ್ಲ ಇವರ ಮೇಲೆ. ಅತ್ತೆಗೆ ಅಳೋಕೆ ದೇವರ ಮನೆ ಇದೆ, ಮಾವನಿಗೆ ಸಿಟ್ಟಿದೆ. ಇವರಿಗೆ ಜಾಗವೇ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಬರೆದುಕೊಟ್ಟೆ. ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಕನ್ನಡದಲ್ಲಿ ಮಾತಾಡಬಹುದು. ವಾರಕ್ಕೆ ಎರಡು ದಿನ ತವರಿನ ತಂಗಿ ಬಂದು ಇರಲಿ ಅಂತ ಮಾವನ ಬಾಯಿಂದಲೇ ಹೇಳಿಸಿದೆ.

ಮೂರನೇ ಭೇಟಿಗೆ ಅತ್ತೆಯೂ ಬಂದರು. ಫೋನಿನಲ್ಲಿ ಏನು ಮಾತಾಡುತ್ತೀರಿ ಅಂತ ಕೇಳಿದೆ. ಈ ಕಡೆಯಿಂದ ‘ಎಲ್ಲಾ ಆರಾಮ’, ಆ ಕಡೆಯಿಂದಲೂ ‘ಎಲ್ಲಾ ಆರಾಮ’. ಇಬ್ಬರೂ ನಂಬುವುದಿಲ್ಲ. ಫೋನ್ ಇಟ್ಟ ಮೇಲೆ ಭಯ ಇನ್ನಷ್ಟು. ಆಮೇಲೆ ತಾಯಿಯದು ಒಂದೇ ಪ್ರಶ್ನೆ, ‘ಎಲ್ಲಿ ಅದೀಯಪ್ಪಾ?’ ಅವನು ಹೇಳುವಂತಿಲ್ಲ, ಸಿಡುಕುತ್ತಾನೆ. ಇವರು ಅಳುತ್ತಾರೆ. ‘ಯವ್ವಾ, ಅವರ ಟಪಾಲಿನ ವಿಳಾಸದಾಗೂ ಊರ ಹೆಸರು ಇರಂಗಿಲ್ಲ, 56 ಎಪಿಒ (ಸೇನೆಯ ಅಂಚೆ ಕಚೇರಿ) ಅಂತ ಅಷ್ಟ ಇರತೈತಿ’ ಅಂದೆ. ಎಲ್ಲಿದ್ದೀ ಅನ್ನೋದರ ಬದಲು ಏನು ಉಂಡಿ ಅಂತ ಕೇಳಿ. ಸಣ್ಣ ಕಷ್ಟ ಆದರೆ ಇದ್ದದ್ದು ಇದ್ದಂತೆ ಹೇಳಿ, ಜೊತೆಗೆ ಅದಕ್ಕೆ ಏನು ಮಾಡಿದಿರಿ ಅಂತಲೂ ಹೇಳಿ. ಎತ್ತು ಸತ್ತಿತು, ಬಾಡಿಗೆ ಟ್ರ್ಯಾಕ್ಟರ್ ತಂದೆವು. ಇಷ್ಟು ಸಾಕು. ಎತ್ತು ಕೊಳ್ಳೋದಾ, ಹೊಲ ಲಾವಣಿಗೆ ಹಾಕೋದಾ ಅಂತ ಗಡಿಯಲ್ಲಿ ನಿಂತವನನ್ನು ಕೇಳಬೇಡಿ. ಅದು ಮನೆಯಲ್ಲಿರುವವರ ಕೆಲಸ.

ಹೊಲದ ದಾರಿ ಅವರೇ ಹುಡುಕಿಕೊಂಡರು. ಓಣಿಯ ನಾಲ್ಕು ಮನೆಯವರು ಮುಯ್ಯಿಗೆ ಬಂದು ಹರಗಿ ಕೊಟ್ಟರು. ಆ ವರ್ಷ ಮುಂಗಾರು ಬೇಗ ಬಂತು, ಮೇ 24ಕ್ಕೇ ಕೇರಳ ಮುಟ್ಟಿತ್ತು. ‘ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ’ ಅಂತ ಯಜಮಾನರು ನನಗೇ ಗಾದೆ ಹೇಳಿದರು. ಬಿತ್ತಿದ್ದು ಮಾತ್ರ ಹೆಸರುಕಾಳು!

ಜೂನ್‌ನಲ್ಲಿ ಸೊಸೆ ಫೋನ್ ಮಾಡಿದ್ದರು. ಹಿರಿಯ ಮಗನ ಹತ್ತಿರ ಮಾವ ಮಾತಾಡಿದರಂತೆ. ಮೊಣಕಾಲು ನೋಯುತ್ತದೆ, ಎತ್ತು ಇಲ್ಲದ ಕೊಟ್ಟಿಗೆ ನೋಡಲಾರೆ, ನಿದ್ದಿ ಬರವಲ್ದು ಅಂದರಂತೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ‘ನನಗೂ ಬರವಲ್ದು ಯಪ್ಪಾ’ ಅಂದನಂತೆ. ಅಪ್ಪ ಮಗ ಅರ್ಧ ತಾಸು ಮಾತಾಡಿದರು. ಹೆಸರಿನ ರಾಶಿ ಮುಗಿದ ಮೇಲೆ ಬರುತ್ತೇವೆ ಅಂತ ಸೊಸೆ ಹೇಳಿದರು.